ಹಾರ್ಮೋನು, ಕ್ಯಾನ್ಸರ್, ಎಲ್ಲರಿಗೂ ಸಿಗಬೇಕಾದ ಆರೋಗ್ಯ: ದಾವಣಗೆರೆ–ಚಿತ್ರದುರ್ಗದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ದಾವಣಗೆರೆಯ ಕಾಲೇಜುಗಳಲ್ಲಿ ಮಾತಾಡುವಾಗ, ಆಶಾ ಕಾರ್ಯಕರ್ತೆಯರ ಜೊತೆ ಜಗಳೂರು, ಹೊಳಲ್ಕೆರೆ, ಮೊಳಕಾಲ್ಮುರು ಕಡೆಯ ಊರುಗಳಿಗೆ ಹೋದಾಗ ಕೇಳಿಸಿಕೊಂಡ ಪ್ರಶ್ನೆಗಳಿವು. ಕೇಳುವವರಲ್ಲಿ ಎರಡು ಬಗೆ. ಹಾರ್ಮೋನು, ಕ್ಯಾನ್ಸರ್ ಸಂಶೋಧನೆಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರು ಒಂದು ಕಡೆ. ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದ ಹೆಂಗಸರು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಗಳನ್ನೂ ಬೇಕೆಂದೇ ಬೆರೆಸಿ ಬರೆದಿದ್ದೇನೆ. ವಿದ್ಯಾರ್ಥಿ ಹೆಂಗಸರ ಪ್ರಶ್ನೆ ಓದಬೇಕು, ಹೆಂಗಸರು ವಿದ್ಯಾರ್ಥಿಯ ಪ್ರಶ್ನೆ ಓದಬೇಕು ಅನ್ನುವುದು ನನ್ನ ಆಸೆ.

ಹಾರ್ಮೋನಿಗೂ ಕ್ಯಾನ್ಸರ್‌ಗೂ ಏನು ಸಂಬಂಧ?

ಹಾರ್ಮೋನು ಅಂದರೆ ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಅಂಗಕ್ಕೆ ಕೆಲಸ ಹೇಳುವ ರಾಸಾಯನಿಕ. ಅಂಡಾಶಯದ ಈಸ್ಟ್ರೋಜನ್ ಎದೆಯ ಕೋಶಗಳಿಗೆ ಬೆಳೆಯಿರಿ ಎಂದು ಹೇಳುತ್ತದೆ. ಹುಡುಗಿ ದೊಡ್ಡವಳಾಗುವಾಗ, ಬಸುರಿಯಾದಾಗ ಅದು ಬೇಕೇ ಬೇಕು. ಆದರೆ ಕೋಶ ಕೆಟ್ಟು ಗೆಡ್ಡೆಯಾದ ಮೇಲೂ ಎಷ್ಟೋ ಸಲ ಅದೇ ಮಾತು ಕೇಳಿಕೊಂಡು ಬೆಳೆಯುತ್ತಲೇ ಹೋಗುತ್ತದೆ.

ಇದನ್ನು ಮೊದಲು ಹಿಡಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆ ಎಂಬ ರೈತರ ಅನುಭವ ಅವರ ಕಿವಿಗೆ ಬಿದ್ದಿತ್ತು. ಅಂಡಾಶಯಕ್ಕೂ ಎದೆಗೂ ನಂಟಿದೆ ಎಂದು ಅವರಿಗೆ ಹೊಳೆಯಿತು. ಎದೆಯ ಕ್ಯಾನ್ಸರ್ ಬಲಿತಿದ್ದ ಹೆಂಗಸರ ಅಂಡಾಶಯ ತೆಗೆದು, ಗೆಡ್ಡೆ ಕರಗಿದ್ದನ್ನು 1896ರಲ್ಲಿ ಪ್ರಕಟಿಸಿದರು. ಆಗ ‘ಹಾರ್ಮೋನು’ ಎಂಬ ಮಾತೇ ಹುಟ್ಟಿರಲಿಲ್ಲ. ಅದು ಬಂದದ್ದು 1905ರಲ್ಲಿ. ಮುಂದೆ 1941ರಲ್ಲಿ ಶಿಕಾಗೊದ ಚಾರ್ಲ್ಸ್ ಹಗಿನ್ಸ್ ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಗಂಡು ಹಾರ್ಮೋನು ನಿಂತರೆ ಕುಗ್ಗುತ್ತದೆ ಎಂದು ತೋರಿಸಿದರು. ಅವರಿಗೆ 1966ರಲ್ಲಿ ನೊಬೆಲ್ ಬಂತು.

ಒಂದು ತೊಡಕು ಮಾತ್ರ ಉಳಿದಿತ್ತು. ಅಂಡಾಶಯ ತೆಗೆದರೆ ಸುಮಾರು ಮೂವರಲ್ಲಿ ಒಬ್ಬಳಿಗಷ್ಟೇ ಗುಣ ಕಾಣುತ್ತಿತ್ತು, ಉಳಿದಿಬ್ಬರಿಗೆ ಆಪರೇಷನ್ನಿನ ನೋವಷ್ಟೇ ಗತಿ. ಯಾಕೆ ಎಂಬುದಕ್ಕೆ ಉತ್ತರ ಕೊಟ್ಟವರು ಎಲ್ವುಡ್ ಜೆನ್ಸನ್. ಈಸ್ಟ್ರೋಜನ್ನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು, ಅಂದರೆ ರಿಸೆಪ್ಟರ್, ಕೋಶದೊಳಗೆ ಇದೆ ಎಂದು ಅವರು ಕಂಡುಹಿಡಿದರು. ಅದಿರುವ ಗೆಡ್ಡೆಗೆ ಹಾರ್ಮೋನು ಚಿಕಿತ್ಸೆ ತಾಗುತ್ತದೆ, ಇಲ್ಲದ ಗೆಡ್ಡೆಗೆ ತಾಗುವುದಿಲ್ಲ. ಇವತ್ತು ದಾವಣಗೆರೆಯಲ್ಲಿ ಬಯಾಪ್ಸಿ, ಅಂದರೆ ಗೆಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿದರೆ ವರದಿಯಲ್ಲಿ ಬರುವ ‘ಇಆರ್’ ಎಂಬ ಎರಡು ಅಕ್ಷರದ ಹಿಂದೆ ಇರುವ ಕತೆ ಇದು.

ನಮ್ಮ ದೇಶದಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದಾರಾ? ಎಲ್ಲಾ ಹೊರದೇಶದ ಹೆಸರೇ ಹೇಳ್ತೀರಿ.

ಇದ್ದಾರೆ. ಈ ಪ್ರಶ್ನೆ ಬರಲಿ ಎಂದು ನಾನು ಕಾಯುತ್ತಿರುತ್ತೇನೆ.

ಕಮಲ್ ರಣದಿವೆ. 1917ರ ನವೆಂಬರ್ 8ರಂದು ಪುಣೆಯಲ್ಲಿ ಹುಟ್ಟಿದವರು. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಕಮಲ್ ಎಂ.ಎಸ್ಸಿಯಲ್ಲಿ ಆರಿಸಿಕೊಂಡದ್ದು ಸೀತಾಫಲದ ಕುಟುಂಬದ ಗಿಡಗಳ ವರ್ಣತಂತುಗಳನ್ನು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂತೆಗೆ ಬುಟ್ಟಿಗಟ್ಟಲೆ ಬರುತ್ತದಲ್ಲ, ಅದೇ ಸೀತಾಫಲ. ‘ನಾನು ಬಿ.ಎಸ್ಸಿಯಲ್ಲಿ ಬಾಟನಿ ತಗೊಂಡುಬಿಟ್ಟೆ, ಇನ್ನು ಕ್ಯಾನ್ಸರ್ ಸಂಶೋಧನೆ ಆಗಲ್ಲ’ ಎಂದು ಹೇಳುವ ಪ್ರತಿ ವಿದ್ಯಾರ್ಥಿಗೂ ನಾನು ಇದನ್ನು ಹೇಳುತ್ತೇನೆ.

ಆಮೇಲೆ ಮುಂಬೈಗೆ ಬಂದು, ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಅವರ ಕೈಕೆಳಗೆ 1949ರಲ್ಲಿ ಪಿಎಚ್.ಡಿ ಮುಗಿಸಿದರು. ವಿಷಯ ಎದೆಯ ಕ್ಯಾನ್ಸರ್. ಕ್ಯಾನ್ಸರ್ ಸುಲಭವಾಗಿ ಬರುವ ಇಲಿ ತಳಿ, ಬಾರದ ಇಲಿ ತಳಿ, ಇವೆರಡರ ಎದೆಯ ಗ್ರಂಥಿ ಎಲ್ಲಿ ಬೇರೆ ಎಂದು ಹುಡುಕಿದರು. ಅದಕ್ಕೂ ಮೊದಲೇ, 1932ರಲ್ಲಿ, ಫ್ರಾನ್ಸಿನ ಲಕಸಾನ್ಯ ಎಂಬ ವಿಜ್ಞಾನಿ ಗಂಡಿಲಿಗೂ ಈಸ್ಟ್ರೋಜನ್ ಚುಚ್ಚಿ ಎದೆಗೆಡ್ಡೆ ಬರಿಸಿದ್ದರು. ಅಮೆರಿಕದ ಬಿಟ್ನರ್ ತಾಯಿಲಿಯ ಹಾಲಿನಿಂದ ಮರಿಗೆ ದಾಟುವ ಒಂದು ಅಂಶವನ್ನು ತೋರಿಸಿದ್ದರು, ಅದು ಮುಂದೆ ವೈರಸ್ ಎಂದು ಗೊತ್ತಾಯಿತು. ವಂಶ, ಹಾರ್ಮೋನು, ವೈರಸ್ ಮೂರೂ ಸೇರಿ ಹೇಗೆ ಕೆಲಸ ಮಾಡುತ್ತವೆ ಎಂಬುದು ರಣದಿವೆ ಅವರ ಹುಡುಕಾಟವಾಯಿತು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಲ್ಯಾಬಿನಲ್ಲಿ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಕಲಿತು ಬಂದರು. ಮುಂಬೈನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಲ್ಯಾಬ್ ಕಟ್ಟಿದರು. 1966ರಿಂದ 1970ರವರೆಗೆ ಆ ಕೇಂದ್ರದ ಹಂಗಾಮಿ ನಿರ್ದೇಶಕಿ. 1973ರಲ್ಲಿ ಗೆಳತಿಯರ ಜೊತೆ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟಿದರು. 1982ರಲ್ಲಿ ಪದ್ಮಭೂಷಣ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಅವರು ಮುಂದೆ ಮಾಡಿದ ಕೆಲಸ. ಅಹ್ಮದ್‌ನಗರ ಜಿಲ್ಲೆಯ ಅಕೋಲೆ ತಾಲ್ಲೂಕಿನ ಬುಡಕಟ್ಟು ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆಯ ಲೆಕ್ಕ ತೆಗೆದರು, ಅಲ್ಲಿನ ಹೆಂಗಸರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಕೆಲಸಕ್ಕೆ ನಿಂತರು. ಇಲಿಯ ಎದೆಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣೇ ಆ ಹಳ್ಳಿಯ ಮಗುವಿನ ತೂಕವನ್ನೂ ನೋಡಿತು. ಅವರ ಬದುಕಿನಲ್ಲಿ ಇವೆರಡು ಬೇರೆ ಕೆಲಸ ಅಂತ ನನಗೆ ಕಾಣುವುದಿಲ್ಲ.

ಆರೋಗ್ಯ ಸಮಾನತೆ ಅಂದರೆ ಸಮಾಜಸೇವೆ ತಾನೆ? ಅದು ವಿಜ್ಞಾನ ಹೇಗಾಗುತ್ತೆ?

ಒಂದು ಲೆಕ್ಕ ನೋಡಿ. 2010ರಿಂದ 2014ರ ನಡುವೆ ಎದೆಯ ಕ್ಯಾನ್ಸರ್ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರು ಅಮೆರಿಕದಲ್ಲಿ ಸುಮಾರು 90%, ನಮ್ಮಲ್ಲಿ ಸುಮಾರು 66%. ಕಾಯಿಲೆ ಅದೇ. ಮಾತ್ರೆಯೂ ಅದೇ. ನಡುವಿನ ವ್ಯತ್ಯಾಸ ಎಲ್ಲಿಂದ ಬಂತು? ತಡವಾಗಿ ಬಂದದ್ದರಿಂದ ಎಷ್ಟು, ಚಿಕಿತ್ಸೆ ನಡುವೆ ಬಿಟ್ಟದ್ದರಿಂದ ಎಷ್ಟು, ಗೆಡ್ಡೆಯ ಬಗೆಯೇ ಬೇರೆಯಿರುವುದರಿಂದ ಎಷ್ಟು? ಇದನ್ನು ಅಳೆಯದೆ ಹೇಳಲಾಗದು, ಅಳೆಯುವುದಕ್ಕೆ ಒಳ್ಳೆಯ ವಿಜ್ಞಾನ ಬೇಕು. ಅಮೆರಿಕದೊಳಗೇ ಕಪ್ಪು ಜನಾಂಗದ ಹೆಂಗಸರು ಬಿಳಿಯರಿಗಿಂತ ಸುಮಾರು 40% ಹೆಚ್ಚು ಪ್ರಮಾಣದಲ್ಲಿ ಎದೆಯ ಕ್ಯಾನ್ಸರಿನಿಂದ ಸಾಯುತ್ತಾರೆ. ಅಲ್ಲಿನ ಲವೆಲ್ ಜೋನ್ಸ್ ಅವರಂಥ ವಿಜ್ಞಾನಿಗಳು ಹಾರ್ಮೋನು ಹೇಗೆ ಗೆಡ್ಡೆ ತರುತ್ತದೆ ಎಂಬ ಲ್ಯಾಬ್ ಪ್ರಶ್ನೆಯಿಂದ ಹೊರಟು, ಈ ಅಂತರದ ಪ್ರಶ್ನೆಗೆ ಬಂದು ನಿಂತದ್ದು ಸಹಜವೇ ಆಗಿತ್ತು.

ನಮ್ಮಲ್ಲಿ ಇಂಥ ವಿಜ್ಞಾನ ದೊಡ್ಡದಾಗಿಯೇ ನಡೆದಿದೆ. ಮುಂಬೈನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಟಾಟಾ ಸ್ಮಾರಕದವರು 1998ರಲ್ಲಿ ಒಂದು ಅಧ್ಯಯನ ಶುರುಮಾಡಿದರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ. ಎಸ್ಸೆಸ್ಸೆಲ್ಸಿ ಮಟ್ಟಕ್ಕೆ ಓದಿ ತರಬೇತಿ ಪಡೆದ ಹೆಂಗಸರು. ಗರ್ಭಕಂಠಕ್ಕೆ, ಅಂದರೆ ಗರ್ಭಕೋಶದ ಬಾಯಿಗೆ, ವಿನೆಗರ್‌ನಂಥ ತೆಳು ಆಮ್ಲ ಹಚ್ಚಿ, ಬಿಳಿಯಾಗುವ ಜಾಗ ನೋಡುವುದಷ್ಟೇ ಪರೀಕ್ಷೆ. ಅದರಿಂದ ಗರ್ಭಕಂಠದ ಕ್ಯಾನ್ಸರಿನ ಸಾವು 31% ಕಡಿಮೆಯಾಯಿತು ಎಂದು 2014ರಲ್ಲಿ ಪ್ರಕಟವಾಯಿತು. ಅದೇ ಅಧ್ಯಯನದಲ್ಲಿ ಕೈಯಿಂದ ಎದೆ ಮುಟ್ಟಿ ನೋಡುವ ಪರೀಕ್ಷೆಯ ಫಲ 2021ರಲ್ಲಿ ಬಂತು: ಒಟ್ಟಾರೆ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ, ಆದರೆ 50 ದಾಟಿದವರಲ್ಲಿ ಸಾವು ಸುಮಾರು 30% ಇಳಿದಿತ್ತು. ಒಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಇದೆಯೇ ಎಂಬ ಪರೀಕ್ಷೆ ಒಂದೇ ಒಂದು ಸಲ ಮಾಡಿದ್ದಕ್ಕೆ ಆ ಕ್ಯಾನ್ಸರಿನ ಸಾವು ಅರ್ಧದಷ್ಟಾಯಿತು. ಅದು ಪ್ರಕಟವಾದದ್ದು 2009ರಲ್ಲಿ.

ಈ ಅಧ್ಯಯನಗಳ ಇನ್ನೊಂದು ಮುಖವನ್ನೂ ಹೇಳಲೇಬೇಕು. ಹೋಲಿಕೆಗೆಂದು ಇಟ್ಟ ಗುಂಪಿನ ಹೆಂಗಸರಿಗೆ ತಪಾಸಣೆ ಆಗಲಿಲ್ಲ, ಅವರಲ್ಲಿ ಹೆಚ್ಚು ಜನ ಸತ್ತರು. ಆ ಕಾಲಕ್ಕೆ ಆ ಊರುಗಳಲ್ಲಿ ತಪಾಸಣೆಯೇ ಇರಲಿಲ್ಲ, ಹಾಗಾಗಿ ಹೋಲಿಕೆ ನ್ಯಾಯವೇ ಎಂದು ನಡೆಸಿದವರು ವಾದಿಸಿದರು. ತಪಾಸಣೆ ಜೀವ ಉಳಿಸುತ್ತದೆ ಎಂದು ಜಗತ್ತಿಗೆ ಮೊದಲೇ ಗೊತ್ತಿತ್ತಲ್ಲ ಎಂದು ಇತರರು ಕೇಳಿದರು. ನನ್ನ ಮನಸ್ಸು ಕೇಳಿದವರ ಕಡೆಗಿದೆ. ಆದರೂ ಆ ಹೆಂಗಸರ ಋಣದ ಮೇಲೆ ಬಂದ ತಿಳಿವಳಿಕೆಯನ್ನು ಬಳಸದೆ ಇರುವುದು ಇನ್ನೂ ದೊಡ್ಡ ಅನ್ಯಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆದವರು ದೇಶದಲ್ಲಿ 1.9% ಮಾತ್ರ.

ಬಯಾಪ್ಸಿ ರಿಪೋರ್ಟಿನಲ್ಲಿ ‘ಇಆರ್ ನೆಗೆಟಿವ್’ ಅಂತ ಬಂದಿದೆ. ಹಾಗಂದರೇನು?

ಗೆಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಕಾಣಲಿಲ್ಲ ಎಂದರ್ಥ. ‘ಪಿಆರ್’ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನ ರಿಸೆಪ್ಟರ್, ‘ಹರ್2’ ಇನ್ನೊಂದು ಪ್ರೋಟೀನು. ಮೂರೂ ಇಲ್ಲದಿದ್ದರೆ ಟ್ರಿಪಲ್ ನೆಗೆಟಿವ್ ಅನ್ನುತ್ತಾರೆ. ಹಾರ್ಮೋನು ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ, ಕೀಮೋ ಬೇಕಾಗುತ್ತದೆ. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರೆ ಟ್ರಿಪಲ್ ನೆಗೆಟಿವ್ ಸುಮಾರು 30%. ಪಶ್ಚಿಮದ ದೇಶಗಳಲ್ಲಿ ಅದು 12ರಿಂದ 15% ಅಷ್ಟೇ. ನಮ್ಮ ಹೆಂಗಸರಿಗೆ ಸರಾಸರಿ ಹತ್ತು ವರ್ಷ ಚಿಕ್ಕ ವಯಸ್ಸಿನಲ್ಲೇ ಎದೆಯ ಕ್ಯಾನ್ಸರ್ ಬರುವುದು ಇದಕ್ಕೆ ಒಂದು ಕಾರಣ.

ಇನ್ನೊಂದು ಕಾರಣ ಇದೆ, ಸಂಶೋಧನೆಗೆ ಹೋಗುವ ಹುಡುಗರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ, ಅಂದರೆ ಅದು ಕೆಡದಂತೆ ಕಾಯುವ ದ್ರವಕ್ಕೆ, ಹಾಕಬೇಕು. ಸರಿಯಾಗಿ ಬಫರ್ ಮಾಡಿದ 10% ಫಾರ್ಮಲಿನ್ ಆಗಿರಬೇಕು, ತುಣುಕು ಮುಳುಗುವಷ್ಟು ಧಾರಾಳವಾಗಿರಬೇಕು, 6 ಗಂಟೆಗಿಂತ ಕಡಿಮೆ ಆಗಬಾರದು, 72 ಗಂಟೆ ಮೀರಬಾರದು. ಇಡೀ ಗೆಡ್ಡೆ ತೆಗೆದಿದ್ದರೆ ಕೊಯ್ದು ಹಾಕಬೇಕು, ಇಲ್ಲದಿದ್ದರೆ ದ್ರವ ಒಳಗೆ ಇಳಿಯುವುದಿಲ್ಲ. ಇದು ತಪ್ಪಿದರೆ ರಿಸೆಪ್ಟರ್ ಹಾಳಾಗುತ್ತದೆ. ಇರುವ ರಿಸೆಪ್ಟರ್ ಇಲ್ಲ ಎಂದು ವರದಿ ಬರುತ್ತದೆ.

ಈಗ ಯೋಚಿಸಿ. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಗೆಡ್ಡೆ ತೆಗೆದು, ಸಲೈನಿನ ಡಬ್ಬಿಯಲ್ಲಿ ಹಾಕಿ, ‘ತಗೊಂಡು ಹೋಗಿ ಲ್ಯಾಬಿಗೆ ಕೊಡಿ’ ಎಂದು ಮನೆಯವರ ಕೈಗೆ ಕೊಡುತ್ತಾರೆ. ಅವರು ಬಸ್ಸು ಕಾದು, ಮಾರನೆ ದಿನ ಜಿಲ್ಲಾ ಕೇಂದ್ರಕ್ಕೆ ಬರುತ್ತಾರೆ. ಆ ಹೆಂಗಸಿಗೆ ‘ನೆಗೆಟಿವ್’ ಎಂದು ಬಂದರೆ, ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆಯಿಂದ ಸಿಗಬಹುದಾಗಿದ್ದ ರಕ್ಷಣೆ ಕೈತಪ್ಪುತ್ತದೆ. ಜೀನಿನಿಂದಲೂ ಅಲ್ಲ, ದೇವರ ಇಚ್ಛೆಯಿಂದಲೂ ಅಲ್ಲ, ಒಂದು ಡಬ್ಬಿ ಫಾರ್ಮಲಿನ್ ಇಲ್ಲದ್ದರಿಂದ. ನಮ್ಮ ಹೆಂಗಸರ ಗೆಡ್ಡೆಯೇ ಬೇರೆ ಎಂದು ಬರೆಯುವ ಮುನ್ನ ಗೆಡ್ಡೆಯನ್ನು ಹೇಗೆ ಸಾಗಿಸಿದರು ಎಂದು ಕೇಳಬೇಕು. ಇದು ನಮ್ಮ ಜಿಲ್ಲೆಯಲ್ಲೇ ಕೂತು ಮಾಡಬಹುದಾದ ಒಳ್ಳೆಯ ಪಿಎಚ್.ಡಿ ವಿಷಯ.

ರೋಗಿಯ ಕಡೆಯವರಿಗೆ: ಆಪರೇಷನ್ನಿಗೆ ಮುಂಚೆಯೇ ‘ಫಾರ್ಮಲಿನ್‌ನಲ್ಲಿ ಹಾಕಿ ಕೊಡ್ತೀರಾ ಸರ್’ ಎಂದು ಕೇಳಿ. ವರದಿ ಬಂದ ಮೇಲೆ ಗೆಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ. ಅನುಮಾನವಿದ್ದರೆ ಬೇರೆ ಲ್ಯಾಬಿನಲ್ಲಿ ಅದರ ಮೇಲೇ ಮತ್ತೆ ಪರೀಕ್ಷೆ ಮಾಡಿಸಬಹುದು.

ಟ್ಯಾಮಾಕ್ಸಿಫೆನ್ ಮಾತ್ರೆ ಐದು ವರ್ಷ ನುಂಗಬೇಕಂತೆ. ಹುಷಾರಾದ ಮೇಲೂ ಯಾಕೆ?

ಆಪರೇಷನ್ನಿನಲ್ಲಿ ಕಣ್ಣಿಗೆ ಕಾಣದೆ ಉಳಿದ ಕೋಶಗಳಿಗೆ ಈಸ್ಟ್ರೋಜನ್ ತಾಗದಂತೆ ಈ ಮಾತ್ರೆ ರಿಸೆಪ್ಟರನ್ನು ಹಿಡಿದಿಟ್ಟುಕೊಳ್ಳುತ್ತದೆ. 1962ರಲ್ಲಿ ಇಂಗ್ಲೆಂಡಿನಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ಇದನ್ನು ತಯಾರಿಸಿದಾಗ ಕಂಪನಿಯವರು ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಅದಕ್ಕೆ ಇದು ಆಗಿಬರಲಿಲ್ಲ. ಇಆರ್ ಪಾಸಿಟಿವ್ ಇರುವವರು ಐದು ವರ್ಷ ಪೂರ್ತಿ ತೆಗೆದುಕೊಂಡರೆ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಮೈ ಬಿಸಿಯೇರಿ ಬೆವರುವುದು ಸಾಮಾನ್ಯ. ಕಾಲು ಊದಿ ನೋವಾದರೆ ಅದೇ ದಿನ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ಆ ವಾರವೇ ಡಾಕ್ಟರಿಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಬಿಳಿ ಸೆರಗು ಹೋಗುತ್ತೆ. ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ ಅಂದರು. ತೆಗೆಸಿಬಿಡಲಾ?

ತಾಯಿ, ದಯವಿಟ್ಟು ತಡೆಯಿರಿ. ಹೊಲದಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ, ಎರಡು ಮಕ್ಕಳಾಗಿ ಆಪರೇಷನ್ ಮಾಡಿಸಿಕೊಂಡ ಮೂವತ್ತು ಮೂವತ್ತೈದರ ಹೆಂಗಸರೇ ಈ ಪ್ರಶ್ನೆ ಕೇಳುತ್ತಾರೆ. ‘ಮಕ್ಕಳಾಯ್ತಲ್ಲ, ಇನ್ಯಾಕೆ ಅದು’ ಎಂದು ಮನೆಯವರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬಿಳಿ ಸೆರಗು ಎಷ್ಟೋ ಸಲ ಸಹಜವಾದದ್ದೇ, ಸೋಂಕಿನಿಂದ ಬಂದದ್ದಾದರೆ ಮಾತ್ರೆಯಿಂದ ಹೋಗುವುದು. ಅದು ಕ್ಯಾನ್ಸರೂ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ವಾಸನೆ, ರಕ್ತ ಬೆರೆತಿರುವುದು, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣುವುದು ಇದ್ದರೆ ಗರ್ಭಕಂಠದ ಪರೀಕ್ಷೆ ಬೇಕು, ಕೆಲವು ನಿಮಿಷದ ಕೆಲಸ. ಅದನ್ನು ಮಾಡದೆ ನೇರವಾಗಿ ಆಪರೇಷನ್ ಎಂದರೆ ಒಪ್ಪಬೇಡಿ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮಾರನೆ ದಿನದಿಂದಲೇ ಈಸ್ಟ್ರೋಜನ್ ನಿಲ್ಲುತ್ತದೆ. ಐವತ್ತರ ಸುಮಾರಿಗೆ ನಿಧಾನವಾಗಿ ಆಗಬೇಕಾದ ಬದಲಾವಣೆ ಮೂವತ್ತೈದಕ್ಕೇ ಒಮ್ಮೆಲೇ ಬರುತ್ತದೆ. ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ, ನಿದ್ದೆ ಕೆಡುತ್ತದೆ. ಅಂಡಾಶಯ ಬಿಟ್ಟು ಬರೀ ಗರ್ಭಕೋಶ ತೆಗೆದರೂ ಮುಟ್ಟು ನಿಲ್ಲುವ ಕಾಲ ಬೇಗ ಬರಬಹುದು. ಕೂಲಿ ಮಾಡಿ ಬದುಕುವವಳಿಗೆ ಮೂಳೆಯೇ ಬಂಡವಾಳ. ಬೀಟ್ಸನ್ ಅಂಡಾಶಯ ತೆಗೆದದ್ದು ಸಾಯುವ ಹಂತದಲ್ಲಿದ್ದವರನ್ನು ಉಳಿಸಲು; ಆರೋಗ್ಯವಾಗಿರುವ ಹೆಂಗಸಿಗೆ ಅದನ್ನೇ ಮಾಡುವುದು ಚಿಕಿತ್ಸೆ ಆಗುವುದಿಲ್ಲ.

ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 15–49ರ ಹೆಂಗಸರಲ್ಲಿ ನೂರಕ್ಕೆ ಮೂವರ ಗರ್ಭಕೋಶ ತೆಗೆದಾಗಿದೆ, ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ಬಡ ಹೆಂಗಸರಿಗೆ ಬೇಡದ ಆಪರೇಷನ್ ಮಾಡುತ್ತಾರೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಆದೇಶವಾಯಿತು. ನಿಮ್ಮ ಕೈಲಿರುವ ಆಯುಧ ಇದು: ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ. ಹಾಗೆಂದು ಗರ್ಭಕೋಶ ತೆಗೆಯುವುದೇ ತಪ್ಪಲ್ಲ. ನಿಲ್ಲದ ರಕ್ತಸ್ರಾವ, ದೊಡ್ಡ ಗೆಡ್ಡೆ, ನಿಜವಾದ ಕ್ಯಾನ್ಸರ್ ಇದ್ದಾಗ ಅದು ಜೀವ ಉಳಿಸುತ್ತದೆ.

ದುಗ್ಗಮ್ಮನ ಜಾತ್ರೆಗೆ ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ತಗೊಂಡ್ವಿ. ಅದರಿಂದ ಕ್ಯಾನ್ಸರ್ ಬರುತ್ತಾ? ಮಾಲಾ ಮಾತ್ರೆ?

ಜಾತ್ರೆಗೆ, ಮದುವೆಗೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ ನಾರೆಥಿಸ್ಟೆರಾನ್, ಪ್ರೊಜೆಸ್ಟರಾನ್‌ನಂಥ ಹಾರ್ಮೋನು. ವರ್ಷಕ್ಕೊಮ್ಮೆ ಕೆಲವು ದಿನ ತೆಗೆದುಕೊಂಡರೆ ಕ್ಯಾನ್ಸರಿನ ಭಯ ಬೇಡ. ಭಯ ಇರಬೇಕಾದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ಹಿಂದೆ ಹಾಗೆ ಆದವರು, ಮನೆಯಲ್ಲಿ ಯಾರಿಗಾದರೂ ಆಗಿರುವವರು, ಲಿವರ್ ತೊಂದರೆ ಇರುವವರು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬಾರದು. ಮುಟ್ಟಾದವಳು ದೇವಿಯ ಮುಂದೆ ನಿಲ್ಲಬಾರದು ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ, ಆದರೆ ಆ ಕಾರಣಕ್ಕೆ ಮಾತ್ರೆ ನುಂಗುವ ಹೆಣ್ಣುಮಗಳನ್ನು ಬೈಯುವುದೂ ನನ್ನ ಕೆಲಸವಲ್ಲ.

ಮಾಲಾದಂಥ ಗರ್ಭನಿರೋಧಕ ಮಾತ್ರೆಯಲ್ಲಿ ಎರಡು ಹಾರ್ಮೋನು ಇರುತ್ತವೆ. ತೆಗೆದುಕೊಳ್ಳುತ್ತಿರುವಾಗ ಎದೆಯ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ, ಬಹಳ ವರ್ಷ ತೆಗೆದುಕೊಂಡರೆ ಗರ್ಭಕಂಠದ್ದೂ ಏರುತ್ತದೆ. ನಿಲ್ಲಿಸಿದ ಮೇಲೆ ಮೆಲ್ಲಗೆ ಇಳಿಯುತ್ತದೆ. ಇದೇ ಮಾತ್ರೆ ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು.

ಬ್ರಾಯ್ಲರ್ ಕೋಳಿ ತಿಂದರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗ್ತಾರಂತೆ?

ಬ್ರಾಯ್ಲರ್ ಬೇಗ ಬೆಳೆಯುವುದು ತಳಿಯಿಂದ ಮತ್ತು ಮೇವಿನಿಂದ, ಹಾರ್ಮೋನಿನಿಂದಲ್ಲ. ಹುಡುಗಿಯರು ಮೊದಲಿಗಿಂತ ಬೇಗ ಮೈನೆರೆಯುವುದಕ್ಕೆ ಮುಖ್ಯ ಕಾರಣ ಹೊಟ್ಟೆ ತುಂಬ ಊಟ, ಮೈಯಲ್ಲಿ ಹೆಚ್ಚಿದ ಕೊಬ್ಬು. ಕೋಳಿಗೆ ಕೊಡುವ ಆಂಟಿಬಯಾಟಿಕ್ ಬಗ್ಗೆ ಚಿಂತಿಸಿ, ಅದು ನಿಜವಾದ ತೊಂದರೆ.

ಹೊಲಕ್ಕೆ ಔಷಧಿ ಹೊಡೆಯುವುದು, ಪ್ಲಾಸ್ಟಿಕ್ ಬಳಸುವುದು, ಇವು ಹಾರ್ಮೋನು ಕೆಡಿಸುತ್ತವೆಯೇ?

ಕೆಲವು ಕೆಡಿಸುತ್ತವೆ. ಅಮೆರಿಕದ ಬಾಸ್ಟನ್ನಿನಲ್ಲಿ ಆನಾ ಸೊಟೊ ಮತ್ತು ಕಾರ್ಲೋಸ್ ಸೋನೆನ್‌ಶೈನ್ ಎದೆಯ ಕ್ಯಾನ್ಸರ್ ಕೋಶ ಬೆಳೆಸುತ್ತಿದ್ದರು. ಈಸ್ಟ್ರೋಜನ್ ಹಾಕಿದ ತಟ್ಟೆಯಲ್ಲಿ ಮಾತ್ರ ಬೆಳೆಯಬೇಕಾದ ಕೋಶ, ಹಾಕದ ತಟ್ಟೆಯಲ್ಲೂ ಬೆಳೆಯತೊಡಗಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಕಳ್ಳ ಸಿಕ್ಕಿದ್ದು ಪ್ಲಾಸ್ಟಿಕ್ ಟ್ಯೂಬಿನಲ್ಲಿ: ನೋನಿಲ್‌ಫೀನಾಲ್ ಎಂಬ ರಾಸಾಯನಿಕ ಅದರಿಂದ ಸೋರಿ ಈಸ್ಟ್ರೋಜನ್ನಿನಂತೆ ವರ್ತಿಸುತ್ತಿತ್ತು. 1991ರಲ್ಲಿ ಪ್ರಕಟಿಸಿದರು.

ಡಿಡಿಟಿಯ ಕತೆ ಇನ್ನೂ ಗಂಭೀರ. ಕ್ಯಾಲಿಫೋರ್ನಿಯಾದಲ್ಲಿ 1960ರ ಆಸುಪಾಸು ಹೆಂಗಸರಿಂದ ತೆಗೆದಿಟ್ಟ ರಕ್ತವನ್ನು ದಶಕಗಳ ನಂತರ ಬಾರ್ಬರಾ ಕೋನ್ ತಂಡ ಪರೀಕ್ಷಿಸಿತು. ಡಿಡಿಟಿ ಬಳಕೆ ಶುರುವಾದಾಗ 14ಕ್ಕಿಂತ ಚಿಕ್ಕವರಾಗಿದ್ದು, ರಕ್ತದಲ್ಲಿ ಅದು ಹೆಚ್ಚಿದ್ದವರಿಗೆ ಎದೆಯ ಕ್ಯಾನ್ಸರಿನ ಅಪಾಯ ಐದು ಪಟ್ಟು ಇತ್ತು. ದೊಡ್ಡವರಾದ ಮೇಲೆ ತಾಗಿದವರಲ್ಲಿ ಹಾಗೆ ಕಾಣಲಿಲ್ಲ. ಎದೆ ಮೂಡುವ ವಯಸ್ಸಿನಲ್ಲಿ ತಾಗಿದ ವಿಷ ಮೂವತ್ತು ನಲವತ್ತು ವರ್ಷ ಬಿಟ್ಟು ಎದುರಿಗೆ ಬರುತ್ತದೆ. ಹತ್ತಿಗೆ, ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ದಿನ ಹುಡುಗಿಯರನ್ನು, ಬಸುರಿಯರನ್ನು ಹೊಲಕ್ಕೆ ಕಳಿಸಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ. ಖಾಲಿ ಡಬ್ಬಿ ತೊಳೆದು ನೀರು ತುಂಬಿಡುವುದನ್ನೂ ಬಿಡಬೇಕು.

ಅಡಿಕೆ ಬಗ್ಗೆ ಯಾಕೆ ಮಾತಾಡ್ತೀರಿ? ನಮ್ಮ ಬದುಕೇ ಅಡಿಕೆ.

ಚನ್ನಗಿರಿಯಲ್ಲಿ, ಹೊಳಲ್ಕೆರೆಯಲ್ಲಿ ಈ ಮಾತು ಕೇಳದೆ ಸಭೆ ಮುಗಿಯುವುದಿಲ್ಲ. ಅಡಿಕೆಯ ದುಡ್ಡಿನಿಂದಲೇ ಎಷ್ಟೋ ಮಕ್ಕಳು ನನ್ನ ತರಗತಿಗೆ ಬಂದಿದ್ದಾರೆ, ಅದು ನನಗೆ ಗೊತ್ತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿಯಾಗಿ ತೆರೆಯಲಾಗದಂತೆ ಆಗುವುದಕ್ಕೂ ಅಡಿಕೆಯೇ ಮೂಲ. ಬೆಳೆಗಾರನ ಮೇಲೆ ನನಗೆ ದೂರಿಲ್ಲ. ಗುಟ್ಕಾ ಚೀಟಿ ಹರಿದು ಬಾಯಿಗೆ ಹಾಕುವ ಹದಿನೈದರ ಹುಡುಗನ ಮುಂದೆ ನಾನು ಸುಮ್ಮನಿರಲಾರೆ.

ಹಾಸ್ಟೆಲ್ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಬಹುದೇ? ಅದರಿಂದ ಮಕ್ಕಳಾಗಲ್ಲ ಅಂತಾರೆ.

ಮಕ್ಕಳಾಗುವುದಕ್ಕೂ ಲಸಿಕೆಗೂ ಸಂಬಂಧವಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ ಎಂದು ತೋರಿಸಿದ ಹರಾಲ್ಡ್ ಜುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ಕ್ಯಾನ್ಸರುಗಳಲ್ಲಿ ಸುಮಾರು 70% ಅದರ 16 ಮತ್ತು 18ನೇ ಬಗೆಗಳಿಂದ ಬರುತ್ತವೆ. ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ. 9ರಿಂದ 14 ವಯಸ್ಸು ಉತ್ತಮ.

ಆದರೆ ಹಾಸ್ಟೆಲ್ ಎಂದಿರಲ್ಲ, ಅದಕ್ಕೆ ಒಂದು ಇತಿಹಾಸವಿದೆ. 2009–10ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನಲ್ಲಿ ಈ ಲಸಿಕೆಯ ಒಂದು ಯೋಜನೆ ನಡೆಯಿತು. ಖಮ್ಮಂನ ಬುಡಕಟ್ಟು ಹುಡುಗಿಯರ ಪರವಾಗಿ ಎಷ್ಟೋ ಕಡೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್ನರು. ಎರಡೂ ರಾಜ್ಯ ಸೇರಿ ಏಳು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆಯಲ್ಲಿ ಬಂತು, ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. 2010ರಲ್ಲಿ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದರಿಂದ ದೇಶದಲ್ಲಿ ಬೇರೆಯಾಗಿ ನಡೆಯುತ್ತಿದ್ದ ಒಂದು ಅಧ್ಯಯನವೂ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ ಒಂದು ಡೋಸೂ ಹೆಚ್ಚು ಕಡಿಮೆ ಅಷ್ಟೇ ರಕ್ಷಣೆ ಕೊಟ್ಟಿತ್ತು. 2022ರ ಕೊನೆಯಲ್ಲಿ ಒಂದು ಡೋಸನ್ನೂ ಒಪ್ಪಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರ ಹಿಂದೆ ನಮ್ಮ ಈ ಹುಡುಗಿಯರೂ ಇದ್ದಾರೆ. ಹಾಗಾಗಿ ಹಾಸ್ಟೆಲಿನಲ್ಲಿ ಹಾಕಿಸಿ, ಆದರೆ ಅಪ್ಪ ಅಮ್ಮನನ್ನು ಕರೆಸಿ, ಕನ್ನಡದಲ್ಲಿ ಬಿಡಿಸಿ ಹೇಳಿ, ಅವರ ಕೈಯಿಂದಲೇ ಸಹಿ ಮಾಡಿಸಿ.

ನಮ್ಮ ಮನೆಯಲ್ಲಿ ಪ್ರಾಣಿಹಿಂಸೆ ಆಗಲ್ಲ. ಇಲಿ ಕೊಲ್ಲದೆ ಈ ಸಂಶೋಧನೆ ಮಾಡಬಹುದೇ?

ಖಂಡಿತ. ಇದು ನಾಚಿಕೆಪಡುವ ಪ್ರಶ್ನೆಯಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಈಗ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯ ಅನುಮತಿ ಬೇಕು. ಬಹಳ ಕೆಲಸ ಕೋಶಗಳ ಮೇಲೇ ನಡೆಯುತ್ತದೆ. ಜಗತ್ತಿನ ಹಾರ್ಮೋನು ಲ್ಯಾಬುಗಳಲ್ಲೆಲ್ಲ ಇರುವ ಎಂಸಿಎಫ್-7 ಕೋಶಗಳು ಅಮೆರಿಕದ ಮಿಶಿಗನ್ನಿನಲ್ಲಿ 1970ರಲ್ಲಿ ತೀರಿಕೊಂಡ ಸಿಸ್ಟರ್ ಕ್ಯಾಥರಿನ್ ಫ್ರಾನ್ಸಿಸ್ ಎಂಬ ಸನ್ಯಾಸಿನಿಯ ಎದೆಯ ಕ್ಯಾನ್ಸರಿನಿಂದ ಬಂದವು. ಗರ್ಭಕಂಠದ ಹೀಲಾ ಕೋಶಗಳು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನಿಂದ, ಅವರನ್ನು ಕೇಳದೆಯೇ ತೆಗೆದವು. ರಣದಿವೆ ಕಲಿತ ಆ ಗೇ ಲ್ಯಾಬಿನಲ್ಲೇ ಅವು ಬೆಳೆದದ್ದು. ಕೋಶ ಬೆಳೆಸುವವರು ಈ ಇಬ್ಬರ ಹೆಸರು ತಿಳಿದಿರಬೇಕು. ಕೋಶವೂ ಬೇಡ ಎಂದರೆ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಬರೆದಿಡುವ ಕ್ಯಾನ್ಸರ್ ನೋಂದಣಿಯ ಅಂಕಿ ಅಂಶ, ಹಳ್ಳಿಗಳ ಅಧ್ಯಯನ ಇದೆ. ಕಿದ್ವಾಯಿಯ ಬೆಂಗಳೂರು ನೋಂದಣಿ 1982ರಿಂದ ನಡೆಯುತ್ತಿದೆ.

ಕನ್ನಡ ಮೀಡಿಯಂನವರು ಈ ದಾರಿ ಹಿಡಿಯಬಹುದೇ? ಎಷ್ಟು ವರ್ಷ, ದುಡ್ಡಿಗೇನು ಮಾಡೋದು?

ಹಿಡಿಯಬಹುದು. ಬಿ.ಎಸ್ಸಿ, ಎಂ.ಎಸ್ಸಿ ಸೇರಿ ಐದು ವರ್ಷ, ಪಿಎಚ್.ಡಿ ಇನ್ನೈದು ಆರು. ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ ಇವೆ. ಪಿಎಚ್.ಡಿಗೆ ಮನೆಯಿಂದ ದುಡ್ಡು ಹಾಕಬೇಕಿಲ್ಲ. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್, ಬಂದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮಗಳ ಮದುವೆ ವಯಸ್ಸು ಮೀರುತ್ತದೆ ಎಂದು ಚಿಂತಿಸುವ ಅಪ್ಪಂದಿರಿಗೆ ನಾನು ಈ ಅಂಕಿಯನ್ನೇ ಮೊದಲು ಹೇಳುವುದು.

ಬಿ.ಎಸ್ಸಿ ಓದುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಒಳ್ಳೆಯ ಲ್ಯಾಬ್ ಒಳಗಿನಿಂದ ನೋಡಬಹುದು. ಚಳ್ಳಕೆರೆಯ ಐಐಎಸ್ಸಿ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ನಿಮ್ಮ ಮೇಷ್ಟ್ರನ್ನು ಹೋಗಲು ಒತ್ತಾಯಿಸಿ. ಮುಂದೆ ನವಿ ಮುಂಬೈನಲ್ಲಿ ಆಕ್ಟ್ರೆಕ್ ಎಂಬ ಟಾಟಾ ಸ್ಮಾರಕದ ಸಂಶೋಧನಾ ಕೇಂದ್ರ ಇದೆ. ರಣದಿವೆ ದುಡಿದ ಕೇಂದ್ರದ ಇಂದಿನ ರೂಪ ಅದು. ಇಂಗ್ಲಿಷ್ ಪ್ರಬಂಧ ಓದುವ ಕಷ್ಟ ಮೊದಲ ವರ್ಷ ಇರುತ್ತದೆ, ಆಮೇಲೆ ಕರಗುತ್ತದೆ. ಜಗಳೂರಿನ ಅಜ್ಜಿಯ ಹತ್ತಿರ ಕೂತು ಅವಳ ಮುಟ್ಟಿನ ಕತೆ, ಹೆರಿಗೆಯ ಕತೆ ಕೇಳಿ ಬರೆದುಕೊಳ್ಳುವ ಶಕ್ತಿ ಮಾತ್ರ ಬೆಂಗಳೂರಿನ ಲ್ಯಾಬಿನವರಿಗೆ ಸುಲಭವಾಗಿ ಬರುವುದಿಲ್ಲ. ನಿಮಗೆ ಅದು ಈಗಲೇ ಇದೆ.

ಗಂಡಸರಿಗೂ ಎದೆಯ ಕ್ಯಾನ್ಸರ್ ಬರುತ್ತಾ?

ಬರುತ್ತದೆ. ಎದೆಯ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬರು ಗಂಡಸರು. ನಾಚಿಕೆಯಿಂದ ತಡಮಾಡಬೇಡಿ.

ಈಗ ಎಲ್ಲಿಗೆ ಹೋಗಿ ತೋರಿಸಬೇಕು?

ಮೂವತ್ತು ದಾಟಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಾಯಿ, ಎದೆ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡಿಲ್ಲ. ಎದೆಯಲ್ಲಿ ನೋವಿಲ್ಲದ ಗಂಟು, ಚರ್ಮ ಒಳಕ್ಕೆ ಎಳೆದುಕೊಂಡಿರುವುದು, ತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು ಇದ್ದರೆ ಕ್ಯಾಂಪ್ ಬರಲಿ ಎಂದು ಕಾಯದೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ನೋವಿಲ್ಲ ಎಂದು ಸುಮ್ಮನಿರುವವರೇ ಹೆಚ್ಚು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ದೊಡ್ಡ ಆಸ್ಪತ್ರೆಗೆ ಹೊರಡುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್, ಹಳೆಯ ವರದಿಗಳು, ಸ್ಲೈಡು, ಬ್ಲಾಕು ಎಲ್ಲವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.